ಸೀರೆಯ ದಡಿ ಫೋಟೋದಲ್ಲಿ ಬಾಗಿ ಕಾಣುತ್ತಿದೆ: ಲೆನ್ಸ್ ಡೊಂಕು ತಿದ್ದುವ ಸಾಫ್ಟ್‌ವೇರ್ ಬಗ್ಗೆ ಸಹಾಯ ಬೇಕು

ಇಳಕಲ್_ಸೆರಗು | ಸೋಮವಾರ, ಬೆಳಿಗ್ಗೆ 7:50

ಎಲ್ಲರಿಗೂ ನಮಸ್ಕಾರ. ನಾನು ಇಳಕಲ್‌ನವಳು. ನಮ್ಮ ಓಣಿಯ ಆರು ಮನೆಗಳಲ್ಲಿ ನೇಯ್ದ ಸೀರೆಗಳ ಫೋಟೋ ತೆಗೆದು ಆನ್‌ಲೈನ್‌ನಲ್ಲಿ ಮಾರುವ ಕೆಲಸ ಮಾಡುತ್ತೇನೆ. ಸೀರೆಯನ್ನು ಹಗ್ಗಕ್ಕೆ ಉದ್ದಕ್ಕೆ ಹರವಿ ಕ್ಲಿಪ್ ಹಾಕುತ್ತೇನೆ. ಒಂದು ದಡಿ ಮೇಲೆ, ಇನ್ನೊಂದು ಕೆಳಗೆ. ಸೆರಗಿನ ಟೋಪ್ ತೆನೆ ವಿನ್ಯಾಸ ಮತ್ತು ಮೈಯ ಸ್ವಲ್ಪ ಭಾಗ ಕಾಣಬೇಕು. ಒಟ್ಟು ಐದು ಅಡಿ ಅಗಲ ಚಿತ್ರದಲ್ಲಿ ಬರಬೇಕು.

ತೊಂದರೆ ಏನೆಂದರೆ, ಕೆಳಗಿನ ದಡಿ ನಡುವೆ ಇಳಿದು ಜೋಕಾಲಿಯ ಹಗ್ಗದ ಹಾಗೆ ಬಾಗಿ ಕಾಣುತ್ತದೆ. ಮೇಲಿನ ದಡಿ ಮಾತ್ರ ನೇರವಾಗಿಯೇ ಇದೆ. ಹೋದ ವಾರ ಒಬ್ಬ ಗಿರಾಕಿ ಫೋಟೋ ನೋಡಿ "ದಡಿ ಡೊಂಕಾಗಿ ನೇಯ್ದಿದ್ದೀರಿ, ಬೇಡ" ಎಂದು ಬರೆದರು. ಅದು ನಮ್ಮ ಕಾಕಾ ನೇಯ್ದ ಸೀರೆ. ನಲವತ್ತು ವರ್ಷದಿಂದ ಕುಣಿಮಗ್ಗದಲ್ಲಿ ಕೂತವರು. ಆ ಮಾತು ಕೇಳಿ ಅವತ್ತು ಅವರು ಸರಿಯಾಗಿ ಊಟ ಮಾಡಲಿಲ್ಲ. "ನನ್ನ ಮಗ್ಗ ಡೊಂಕಿಲ್ಲವ್ವ, ನಿನ್ನ ಕ್ಯಾಮರಾ ಡೊಂಕೈತಿ" ಎಂದರು.

ನನ್ನದು 24 ಮೆಗಾಪಿಕ್ಸೆಲ್ ಡಿಎಸ್‌ಎಲ್‌ಆರ್, ಅದರ ಜೊತೆ ಬಂದ 18-55 ಎಂಎಂ ಜೂಮ್ ಲೆನ್ಸ್. ಕೋಣೆ ಚಿಕ್ಕದು, ಹಾಗಾಗಿ 18ರಲ್ಲಿಟ್ಟು ಐದು ಅಡಿ ದೂರದಿಂದ ತೆಗೆಯುತ್ತೇನೆ. ನಾಗರಪಂಚಮಿಗೆ ಮೊದಲು 60 ಸೀರೆ ಮುಗಿಸಬೇಕು. ದುಡ್ಡು ಕೊಡದೆ ಸಿಗುವ ಸಾಫ್ಟ್‌ವೇರ್ ಯಾವುದಾದರೂ ಇದೆಯಾ? ಕಂಪ್ಯೂಟರ್ ಹಳೆಯದು, 8 ಜಿಬಿ ರ‍್ಯಾಮ್.


ಬಾದಾಮಿ_ಕೆಂಪುಕಲ್ಲು | ಸೋಮವಾರ, ಬೆಳಿಗ್ಗೆ 9:15

ಅಕ್ಕಾರೆ, ಕಾಕಾ ಹೇಳಿದ್ದು ಸರಿ. 18-55ರಂಥ ಲೆನ್ಸ್‌ನಲ್ಲಿ 18ರ ಕಡೆ ನೇರ ಗೆರೆಗಳು ಹೊರಗೆ ಉಬ್ಬುತ್ತವೆ. ಪೀಪಾಯಿಯ ಹೊಟ್ಟೆ ಉಬ್ಬಿರುತ್ತದಲ್ಲ, ಹಾಗೆ. ಇದಕ್ಕೆ ಬ್ಯಾರಲ್ ಡಿಸ್ಟಾರ್ಷನ್ ಎನ್ನುತ್ತಾರೆ. ಜೂಮ್ ಮಾಡುತ್ತ ಹೋದ ಹಾಗೆ ಕಡಿಮೆಯಾಗಿ, 55ರ ಹತ್ತಿರ ಕೆಲವು ಲೆನ್ಸ್‌ಗಳಲ್ಲಿ ಉಲ್ಟಾ ಆಗುತ್ತದೆ. ಗೆರೆಗಳು ಒಳಗೆ ಬಾಗುತ್ತವೆ. ಅದು ಪಿನ್‌ಕುಶನ್.

ನಾನು ಬಾದಾಮಿ ಗುಹೆಗಳ ಫೋಟೋ ತೆಗೆಯುವವನು. ಕ್ರಿ.ಶ. 578ರ ಶಾಸನ ಇರುವ ಮೂರನೇ ಗುಹೆಯಲ್ಲಿ ಹಿಂದೆ ಸರಿಯಲು ಜಾಗವೇ ಇಲ್ಲ. ಅಗಲ ಲೆನ್ಸ್ ಹಾಕಲೇಬೇಕು. ಚಿತ್ರದ ಅಂಚಿನಲ್ಲಿ ಬಂದ ಕಂಬ ಬಾಗಿಬಿಡುತ್ತದೆ. ಮೊದಲ ವರ್ಷ ಅದನ್ನು ತಿದ್ದದೆ ಹಾಗೇ ಪ್ರಿಂಟ್ ಹಾಕಿಸಿದ್ದೆ. ಈಗ ಆ ಪ್ರಿಂಟ್ ನೋಡಿದರೆ ಬೇಜಾರಾಗುತ್ತದೆ. ಆ ಕಲ್ಲು ಕಡೆದವರಿಗೆ ಅನ್ಯಾಯ ಮಾಡಿದೆ ಅನಿಸುತ್ತದೆ.

ನಾನು ಬಳಸುವುದು ಡಾರ್ಕ್‌ಟೇಬಲ್. ಪೂರ್ತಿ ಉಚಿತ. ಅದರಲ್ಲಿ "ಲೆನ್ಸ್ ಕರೆಕ್ಷನ್" ಎಂಬ ಭಾಗವಿದೆ. ಫೋಟೋದ ಜೊತೆಗೇ ಕ್ಯಾಮರಾ ಯಾವುದು, ಲೆನ್ಸ್ ಯಾವುದು, ಎಷ್ಟಕ್ಕೆ ಜೂಮ್ ಆಗಿತ್ತು ಎಂಬ ಮಾಹಿತಿ ಇರುತ್ತದೆ. ಅದನ್ನು ಓದಿ, ಲೆನ್ಸ್‌ಫನ್ ಎಂಬ ಉಚಿತ ಪಟ್ಟಿಯಲ್ಲಿ ಆ ಲೆನ್ಸ್‌ನ ಅಳತೆ ಹುಡುಕಿ, ಗೆರೆಗಳನ್ನು ನೇರ ಮಾಡುತ್ತದೆ. ನಿಮ್ಮಂಥ ಲೆನ್ಸ್ ಲಕ್ಷಾಂತರ ಜನರ ಹತ್ತಿರ ಇದೆ, ಪಟ್ಟಿಯಲ್ಲಿ ಸಿಗುತ್ತದೆ. ಡಾರ್ಕ್‌ಟೇಬಲ್ ನಿಧಾನ ಅನಿಸಿದರೆ ರಾ ಥೆರಪಿ ನೋಡಿ. ಅದೂ ಉಚಿತ, ಅದೂ ಇದೇ ಪಟ್ಟಿ ಬಳಸುತ್ತದೆ.

ಒಂದು ಎಚ್ಚರ. ಉಬ್ಬಿದ್ದನ್ನು ನೇರ ಮಾಡುವಾಗ ಮೂಲೆಗಳು ಹೊರಗೆ ಎಳೆದುಕೊಳ್ಳುತ್ತವೆ. ಅಂಚು ಸ್ವಲ್ಪ ಕತ್ತರಿಸಿ ಹೋಗುತ್ತದೆ. ಆದ್ದರಿಂದ ಸೀರೆಯ ಸುತ್ತ ಒಂದು ಗೇಣು ಖಾಲಿ ಜಾಗ ಬಿಟ್ಟು ತೆಗೆಯಿರಿ. ಇಲ್ಲದಿದ್ದರೆ ದಡಿಯೇ ಹೋದೀತು.


ಗುಮ್ಮಟದ_ನೆರಳು | ಸೋಮವಾರ, ಬೆಳಿಗ್ಗೆ 11:30

ವಿಜಯಪುರದಿಂದ. ದುಡ್ಡು ಕೊಡುವವರಿಗೆ ಲೈಟ್‌ರೂಮ್ ಇದೆ, 2010ರಲ್ಲಿ ಬಂದ ಮೂರನೇ ಆವೃತ್ತಿಯಿಂದ ಅದರಲ್ಲಿ ಲೆನ್ಸ್ ಪ್ರೊಫೈಲ್, ಅಂದರೆ ಆಯಾ ಲೆನ್ಸ್‌ನ ಡೊಂಕಿನ ಅಳತೆ, ಸಿಗುತ್ತದೆ. ಡಿಎಕ್ಸ್‌ಓ ಎಂಬ ಕಂಪನಿಯ ಸಾಫ್ಟ್‌ವೇರ್ ಕೂಡ ಇದೆ. ಆದರೆ ಈ ಒಂದು ಕೆಲಸಕ್ಕೆ ಅವು ಬೇಕಾಗಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನೇ ಇದರಲ್ಲಿ ತುಂಬ ದಿನ ಕಳೆದಿದ್ದೇನೆ. ಗೋಳಗುಮ್ಮಟದ ಎದುರು ನಿಂತು ಕ್ಯಾಮರಾ ಮೇಲೆತ್ತಿದರೆ ಮೂಲೆಯ ಏಳು ಅಂತಸ್ತಿನ ಮಿನಾರುಗಳು ಒಳಗೆ ವಾಲಿದ ಹಾಗೆ ಕಾಣುತ್ತವೆ. ಅದು ಲೆನ್ಸ್ ತಪ್ಪಲ್ಲ. ಮಿನಾರಿನ ಗೆರೆ ಬಾಗಿರುವುದಿಲ್ಲ, ನೇರವಾಗಿಯೇ ಇದ್ದು ವಾಲಿರುತ್ತದೆ. ಕ್ಯಾಮರಾ ಓರೆಯಾಗಿದ್ದಕ್ಕೆ ಹಾಗೆ. ಲೆನ್ಸ್ ಪ್ರೊಫೈಲ್ ಎಷ್ಟು ಹಾಕಿದರೂ ಅದು ಸರಿಹೋಗುವುದಿಲ್ಲ. ಅದಕ್ಕೆ ಪರ್ಸ್‌ಪೆಕ್ಟಿವ್ ತಿದ್ದುವ ಭಾಗ ಬೇರೆಯೇ ಇದೆ. ಬಾಗಿದ್ದು ಬೇರೆ, ವಾಲಿದ್ದು ಬೇರೆ. ಮೊದಲು ಯಾವುದು ಅಂತ ನೋಡಿಕೊಳ್ಳಿ.


ಇಳಕಲ್_ಸೆರಗು | ಸೋಮವಾರ, ಸಂಜೆ 6:05

ಡಾರ್ಕ್‌ಟೇಬಲ್ ಹಾಕಿಕೊಂಡೆ. ಆದರೆ ಲೆನ್ಸ್ ಹೆಸರು ಬರುವ ಜಾಗ ಖಾಲಿ ಇದೆ. ಫೋಟೋಗಳನ್ನು ತಂಗಿಯ ಫೋನಿನಿಂದ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಕೊಂಡಿದ್ದೆ. ಅದಕ್ಕೇನಾದರೂ ಸಂಬಂಧ ಇದೆಯಾ?


ಬಾದಾಮಿ_ಕೆಂಪುಕಲ್ಲು | ಸೋಮವಾರ, ಸಂಜೆ 6:20

ಅದೇ ಕಾರಣ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಲೆನ್ಸ್ ಮಾಹಿತಿ ಅಳಿಸಿಹೋಗುತ್ತದೆ, ಚಿತ್ರವೂ ಸಣ್ಣದಾಗುತ್ತದೆ. ಕಾರ್ಡ್ ತೆಗೆದು ನೇರವಾಗಿ ಕಂಪ್ಯೂಟರ್‌ಗೆ ಹಾಕಿ. ಮತ್ತೆ, ತಿದ್ದುವ ಮೊದಲು ಕ್ರಾಪ್ ಮಾಡಬೇಡಿ. ಚಿತ್ರದ ನಡುಬಿಂದುವಿನಿಂದ ಎಷ್ಟು ದೂರ ಎಂಬ ಲೆಕ್ಕದ ಮೇಲೆ ತಿದ್ದುಪಡಿ ನಡೆಯುತ್ತದೆ. ಒಂದು ಪಕ್ಕ ಕತ್ತರಿಸಿಬಿಟ್ಟರೆ ನಡುಬಿಂದು ಸರಿದುಹೋಗುತ್ತದೆ.


ಇಳಕಲ್_ಸೆರಗು | ಮಂಗಳವಾರ, ಬೆಳಿಗ್ಗೆ 8:40

ಕಾರ್ಡ್‌ನಿಂದ ಹಾಕಿದೆ. ಲೆನ್ಸ್ ತಾನಾಗಿಯೇ ಸಿಕ್ಕಿತು. ತುಂಬ ಖುಷಿಯಾಯಿತು. ಆದರೆ ಈಗ ಇನ್ನೊಂದು ಸಮಸ್ಯೆ.

ಕೆಳಗಿನ ದಡಿಯ ಬಾಗು ಅರ್ಧಕ್ಕೆ ಇಳಿಯಿತು. ಮೊದಲು ನೇರವಾಗಿದ್ದ ಮೇಲಿನ ದಡಿ ಮಾತ್ರ ಈಗ ಬಾಗಿಬಿಟ್ಟಿದೆ! ಅದೂ ನಡುವೆ ಕೆಳಗೆ ಇಳಿದಿದೆ. ಗೆರೆ ಎಳೆದು ಅಳೆದು ನೋಡಿದೆ. ಚಿತ್ರ 6000 ಪಿಕ್ಸೆಲ್ ಅಗಲ.

ತಿದ್ದುವ ಮೊದಲು: ಮೇಲಿನ ದಡಿ ನಡುವೆ 5 ಪಿಕ್ಸೆಲ್ ಕೆಳಗೆ, ಕೆಳಗಿನ ದಡಿ 125 ಪಿಕ್ಸೆಲ್ ಕೆಳಗೆ.
ತಿದ್ದಿದ ಮೇಲೆ: ಎರಡೂ ಹೆಚ್ಚು ಕಡಿಮೆ 65 ಪಿಕ್ಸೆಲ್ ಕೆಳಗೆ.

ಒಂದನ್ನು ಸರಿಮಾಡಲು ಹೋಗಿ ಇನ್ನೊಂದು ಕೆಟ್ಟಿತು. ಸಾಫ್ಟ್‌ವೇರ್ ತಪ್ಪು ಮಾಡುತ್ತಿದೆಯಾ? ಅಥವಾ ನಾನಾ?


ಗುಮ್ಮಟದ_ನೆರಳು | ಮಂಗಳವಾರ, ಬೆಳಿಗ್ಗೆ 10:10

ಎರಡು ಸಲ ತಿದ್ದುಪಡಿ ಆಗಿರಬಹುದು ಎಂದು ನನ್ನ ಅನುಮಾನ. ಈಗಿನ ಎಷ್ಟೋ ಕ್ಯಾಮರಾಗಳ ಮೆನುವಿನಲ್ಲಿ ಡಿಸ್ಟಾರ್ಷನ್ ಕರೆಕ್ಷನ್ ಇರುತ್ತದೆ. ಅದು ಆನ್ ಇದ್ದರೆ ಕ್ಯಾಮರಾ ಕೊಡುವ ಜೆಪೆಗ್ ಆಗಲೇ ತಿದ್ದಿದ ಚಿತ್ರ. ಫೋನ್‌ಗಳೂ ಸಾಮಾನ್ಯವಾಗಿ ತಾವೇ ತಿದ್ದಿ ಕೊಡುತ್ತವೆ. ಅದರ ಮೇಲೆ ನಾವು ಮತ್ತೆ ಪ್ರೊಫೈಲ್ ಹಾಕಿದರೆ ಗೆರೆ ಉಲ್ಟಾ ಬಾಗುತ್ತದೆ. ಮೆನು ನೋಡಿ.


ಇಳಕಲ್_ಸೆರಗು | ಮಂಗಳವಾರ, ಬೆಳಿಗ್ಗೆ 10:45

ನೋಡಿದೆ ಸರ್. ಆಫ್ ಇದೆ. ಸಾಲದ್ದಕ್ಕೆ ನಾನು ತೆಗೆದದ್ದು ರಾ ಫೈಲ್, ಅಂದರೆ ಕ್ಯಾಮರಾ ಇನ್ನೂ ತಿದ್ದಿರದ ಮೂಲ ಫೈಲ್.


ಲೆಕ್ಕದ_ಹುಡುಗಿ | ಮಂಗಳವಾರ, ಮಧ್ಯಾಹ್ನ 1:30

ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗಾಗಿ ಕ್ಯಾಮರಾ ಕ್ಯಾಲಿಬ್ರೇಷನ್, ಅಂದರೆ ಲೆನ್ಸ್‌ನ ಡೊಂಕು ಅಳೆಯುವ ಕೆಲಸ, ಮಾಡುತ್ತಿರುವುದರಿಂದ ನಿಮ್ಮ ಸಂಖ್ಯೆಗಳನ್ನು ನೋಡಿ ಬಿಡಲಾಗಲಿಲ್ಲ.

ಎರಡು ಸಲ ತಿದ್ದಿದ್ದರೆ ಎರಡೂ ದಡಿಗಳು ಚಿತ್ರದ ಒಳಗಿನ ಕಡೆಗೆ ಬಾಗಬೇಕಿತ್ತು. ಅಂದರೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ನಿಮ್ಮಲ್ಲಿ ಎರಡೂ ಕೆಳಗೇ ಇಳಿದಿವೆ. ಹಾಗಾಗಿ ಅದಲ್ಲ.

ಲೆನ್ಸ್ ಯಾವತ್ತೂ ನಡುಬಿಂದುವಿನ ಸುತ್ತ ಒಂದೇ ರೀತಿ ಬಾಗಿಸುತ್ತದೆ. ಉಬ್ಬಿಸುವ ಲೆನ್ಸ್ ಮೇಲಿನ ಗೆರೆಯನ್ನು ಮೇಲಕ್ಕೆ, ಕೆಳಗಿನ ಗೆರೆಯನ್ನು ಕೆಳಕ್ಕೆ ತಳ್ಳುತ್ತದೆ. ಎರಡೂ ಒಂದೇ ದಿಕ್ಕಿಗೆ ಬಾಗಿದ್ದರೆ ಆ ಭಾಗ ಲೆನ್ಸ್‌ನದಲ್ಲ, ಎದುರಿಗಿರುವ ವಸ್ತುವಿನದು.

ಈಗ ನಿಮ್ಮ ಮೊದಲ ಅಳತೆ ತೆಗೆದುಕೊಳ್ಳಿ. ಸೀರೆ ಚಿತ್ರದ ನಡುವೆ ಇದೆ ಎಂದುಕೊಳ್ಳೋಣ. 125 ಮತ್ತು 5 ಕೂಡಿಸಿ ಅರ್ಧ ಮಾಡಿದರೆ 65. ಅದು ಬಟ್ಟೆಯ ಜೋಲು. 125ರಲ್ಲಿ 5 ಕಳೆದು ಅರ್ಧ ಮಾಡಿದರೆ 60. ಅದು ಲೆನ್ಸ್‌ನ ಬಾಗು. ಕೆಳಗೆ ಎರಡೂ ಕೂಡಿಕೊಂಡವು, 65ಕ್ಕೆ 60 ಸೇರಿ 125. ಮೇಲೆ ಒಂದನ್ನೊಂದು ತಿಂದುಹಾಕಿದವು, 65ರಲ್ಲಿ 60 ಹೋಗಿ 5. ಮೇಲಿನ ದಡಿ ನೇರ ಕಂಡದ್ದು ಅದಕ್ಕೇ. ಎರಡು ತಪ್ಪು ಸೇರಿ ಸರಿ ಕಾಣುತ್ತಿತ್ತು. ಸಾಫ್ಟ್‌ವೇರ್ ಲೆನ್ಸ್‌ನ 60 ತೆಗೆದುಹಾಕಿದೆ. ಉಳಿದ 65 ನಿಮ್ಮ ಕೋಣೆಯಲ್ಲೇ ಇದೆ. ಸುತ್ತಲಿನ ಖಾಲಿ ಜಾಗವೂ ಸೇರಿ ಆರು ಅಡಿ ಅಗಲಕ್ಕೆ 6000 ಪಿಕ್ಸೆಲ್ ಎಂದರೆ 65 ಪಿಕ್ಸೆಲ್ ಹೆಚ್ಚು ಕಡಿಮೆ ಎರಡು ಸೆಂಟಿಮೀಟರ್.

ಅಕ್ಕಾ, ನಿಮ್ಮ ಹಗ್ಗ ಎರಡು ಸೆಂಟಿಮೀಟರ್ ಜೋತುಬಿದ್ದಿದೆಯಾ?


ಕುಣಿಮಗ್ಗ | ಮಂಗಳವಾರ, ರಾತ್ರಿ 9:00

ಗುಳೇದಗುಡ್ಡದವನು. ನಮ್ಮ ಮನೆಯಲ್ಲಿ ಖಣ ನೇಯುತ್ತಾರೆ. ಲೆಕ್ಕದ ತಂಗಿ ಹೇಳಿದ್ದನ್ನು ಓದಿ ತುಂಬ ಸಂತೋಷವಾಯಿತು.

ಹಗ್ಗ ಎಷ್ಟೇ ಬಿಗಿದರೂ ಬಟ್ಟೆಯ ಭಾರಕ್ಕೆ ನಡುವೆ ಇಳಿಯುತ್ತದೆ. ಮಗ್ಗದ ಮೇಲೆ ಹಾಸು ಎರಡೂ ಕಡೆ ಬಿಗಿದಿರುತ್ತದೆ, ಹೊಕ್ಕು ಒಂದೊಂದೇ ಎಳೆ ಬಡಿದು ಕೂರಿಸಿರುತ್ತಾರೆ. ದಡಿ ಅಲ್ಲಿ ಬಾಣದ ಹಾಗೆ ನೇರ. ಮಗ್ಗದಿಂದ ಇಳಿಸಿದ ಮೇಲೆ ಬಟ್ಟೆ ಹೇಳಿದ ಹಾಗೆ ಕೇಳುತ್ತದೆ. ನಾವು ಹೇಗೆ ತೂಗುಹಾಕುತ್ತೇವೋ ಹಾಗೆ ನಿಲ್ಲುತ್ತದೆ.

ಹಗ್ಗ ತೆಗೆದುಬಿಡಿ. ಪರದೆ ಹಾಕುವ ಸ್ಟೀಲ್ ಪೈಪು ತನ್ನಿ. ಕ್ಲಿಪ್‌ಗಳನ್ನು ಒಂದೊಂದು ಗೇಣಿಗೆ ಹಾಕಿ. ದೂರ ದೂರ ಹಾಕಿದರೆ ನಡುನಡುವೆ ಮತ್ತೆ ಜೋಲುತ್ತದೆ. ಪೈಪಿನ ಎರಡೂ ತುದಿಗೆ ಗೌಂಡಿಯವರ ತೂಗುಗುಂಡು ಇಳಿಬಿಡಿ. ಫೋಟೋದಲ್ಲಿ ಆ ದಾರಗಳು ಬಂದರೆ ನಿಮಗೆ ಒಂದು ಸಾಕ್ಷಿ ಸಿಕ್ಕಿತು. ಬಟ್ಟೆ ಡೊಂಕಾಗಬಹುದು, ಗುಂಡು ಕಟ್ಟಿದ ದಾರ ಡೊಂಕಾಗುವುದಿಲ್ಲ. ಗುಂಡನ್ನು ನೀರಿನ ಬಕೆಟ್‌ನಲ್ಲಿ ಮುಳುಗಿಸಿದರೆ ಅಲುಗಾಡುವುದೂ ಇಲ್ಲ.


ಲೆಕ್ಕದ_ಹುಡುಗಿ | ಮಂಗಳವಾರ, ರಾತ್ರಿ 9:25

ಅಣ್ಣಾರೆ, ಇದನ್ನೇ ನಮ್ಮ ಪಾಠದಲ್ಲಿ ಓದಿದ್ದೇನೆ! 1971ರಲ್ಲಿ ಡ್ವೇನ್ ಬ್ರೌನ್ ಎಂಬವರು ತೂಗುಗುಂಡಿನ ದಾರಗಳ ಫೋಟೋದಿಂದ ಲೆನ್ಸ್‌ನ ಡೊಂಕು ಅಳೆಯುವ ಕ್ರಮ ಪ್ರಕಟಿಸಿದರು. ಅವರ ಸೂತ್ರ ಇವತ್ತಿಗೂ ಓಪನ್‌ಸಿವಿ ಮುಂತಾದ ಸಾಫ್ಟ್‌ವೇರ್‌ಗಳಲ್ಲಿ ಇದೆ. ನೀವು ಗೌಂಡಿ ಕೆಲಸದಿಂದ ಅಲ್ಲಿಗೇ ಬಂದಿರಿ.

ನಾವು ಈಗ ಅಳತೆಗೆ ಬಳಸುವುದು ಚದುರಂಗದ ಹಾಸಿನಂಥ ಕಪ್ಪು ಬಿಳಿ ಚೌಕಗಳ ಹಾಳೆ. ಚೌಕಡಿ ಸೀರೆಯನ್ನೇ ಬಳಸಬಹುದಲ್ವಾ ಎಂದು ಯಾರಾದರೂ ಕೇಳಬಹುದು. ಬೇಡ. ಹಾಳೆಯನ್ನು ಗಾಜಿಗೋ ಹಲಗೆಗೋ ಅಂಟಿಸಿರಬೇಕು. ಬಟ್ಟೆ ಸಮತಟ್ಟಾಗಿ ನಿಲ್ಲುವುದಿಲ್ಲ. ಬಟ್ಟೆಯ ಸುಕ್ಕೆಲ್ಲ ಲೆನ್ಸ್‌ನ ಲೆಕ್ಕಕ್ಕೆ ಸೇರಿಬಿಡುತ್ತದೆ.


ಬಾದಾಮಿ_ಕೆಂಪುಕಲ್ಲು | ಬುಧವಾರ, ಬೆಳಿಗ್ಗೆ 7:10

ನಾನು ಮೊದಲ ದಿನವೇ ಹಗ್ಗದ ಬಗ್ಗೆ ಕೇಳಬೇಕಿತ್ತು. ಬಾಗು ಎಂದ ಕೂಡಲೇ ಲೆನ್ಸ್ ಎಂದುಬಿಟ್ಟೆ. ಕಲ್ಲಿನ ಕಂಬ ಜೋಲುವುದಿಲ್ಲ, ಅದೇ ಅಭ್ಯಾಸ.

ಕ್ಯಾಮರಾ ಎದುರು ನೇರವಾಗಿದೆಯೇ ಎಂದು ನೋಡಲು ಒಂದು ಉಪಾಯ. ಸೀರೆ ತೂಗುವ ಜಾಗದಲ್ಲಿ ಮೊದಲು ಒಂದು ಸಣ್ಣ ಕನ್ನಡಿಯನ್ನು ಗೋಡೆಗೆ ಸಪಾಟಾಗಿ ಇಡಿ. ಕ್ಯಾಮರಾದಲ್ಲಿ ನೋಡಿದಾಗ ನಿಮ್ಮದೇ ಲೆನ್ಸ್ ಚಿತ್ರದ ಸರಿಯಾಗಿ ನಡುವೆ ಕಂಡರೆ ಕ್ಯಾಮರಾ ಗೋಡೆಗೆ ನೇರವಾಗಿದೆ. ಆಮೇಲೆ ಟ್ರೈಪಾಡ್ ಮುಟ್ಟಬೇಡಿ.

ಇನ್ನೊಂದು, ಜೂಮ್ 35ಕ್ಕೆ ಇಟ್ಟು ಒಂಬತ್ತು ಹತ್ತು ಅಡಿ ಹಿಂದೆ ಹೋಗಲು ಆಗುತ್ತದೆಯಾ? ಈ ತರಹದ ಲೆನ್ಸ್‌ಗಳಲ್ಲಿ ಅಲ್ಲಿ ಬಾಗು ತುಂಬ ಕಡಿಮೆ. ಸಾಫ್ಟ್‌ವೇರ್‌ಗೆ ಕೆಲಸ ಕಡಿಮೆಯಾದಷ್ಟೂ ಮೂಲೆಗಳು ಸ್ಪಷ್ಟ ಉಳಿಯುತ್ತವೆ. ಎಳೆದು ನೇರ ಮಾಡಿದ ಮೂಲೆಯಲ್ಲಿ ಜರಿಯ ಎಳೆ ಸ್ವಲ್ಪ ಮಬ್ಬಾಗುತ್ತದೆ.


ಇಳಕಲ್_ಸೆರಗು | ಬುಧವಾರ, ಸಂಜೆ 5:30

ಹಗ್ಗ ಅಳೆದೆ. ನಡುವೆ ಸರಿಯಾಗಿ ಎರಡು ಸೆಂಟಿಮೀಟರ್ ಇಳಿದಿತ್ತು! ಲೆಕ್ಕದ ಹುಡುಗಿ, ನೀನು ಬಾಗಲಕೋಟೆಯಲ್ಲಿ ಕೂತು ನನ್ನ ಮನೆಯ ಹಗ್ಗ ಅಳೆದೆಯಲ್ಲ ತಾಯಿ. ಇಳಕಲ್‌ಗೆ ಬಂದರೆ ನಮ್ಮ ಮನೆಗೆ ಊಟಕ್ಕೆ ಬರಲೇಬೇಕು.

ಪೈಪು ಹಾಕಿಸಿದೆ. ಗೇಣಿಗೊಂದು ಕ್ಲಿಪ್. ತೂಗುಗುಂಡನ್ನು ಪಕ್ಕದ ಮನೆ ಕಟ್ಟುತ್ತಿರುವ ಗೌಂಡಿಯವರ ಹತ್ತಿರ ಕೇಳಿ ತಂದೆ. ಹತ್ತು ಅಡಿ ಹಿಂದೆ ಹೋಗಲು ಕೋಣೆ ಸಾಲದು, ಹಾಗಾಗಿ ಬಾಗಿಲ ಹೊರಗೆ ಕಟ್ಟೆಯ ಮೇಲೆ ಟ್ರೈಪಾಡ್ ಇಟ್ಟು 35ರಲ್ಲಿ ತೆಗೆದೆ. ಡಾರ್ಕ್‌ಟೇಬಲ್‌ನಲ್ಲಿ ಲೆನ್ಸ್ ಕರೆಕ್ಷನ್ ಹಾಕಿದ ಮೇಲೆ ಮೇಲಿನ ದಡಿ 2 ಪಿಕ್ಸೆಲ್, ಕೆಳಗಿನದು 6 ಪಿಕ್ಸೆಲ್. ದಾರಗಳು ನೇರ. ಒಂದು ಚಿತ್ರಕ್ಕೆ ಹಾಕಿದ ತಿದ್ದುಪಡಿಯನ್ನು ಉಳಿದವಕ್ಕೆ ಕಾಪಿ ಪೇಸ್ಟ್ ಮಾಡಲು ಬರುತ್ತದೆ, ಹಾಗಾಗಿ ಜಾಸ್ತಿ ಹೊತ್ತು ಹಿಡಿಯುವುದಿಲ್ಲ.


ಹಳೇ_ಲೆನ್ಸ್ | ಬುಧವಾರ, ರಾತ್ರಿ 8:15

ಬೆಳಗಾವಿಯಿಂದ. ನನ್ನದು ಅಪ್ಪ ಬಳಸುತ್ತಿದ್ದ 28 ಎಂಎಂ ಮ್ಯಾನುವಲ್ ಲೆನ್ಸ್. ಕ್ಯಾಮರಾಗೆ ಅದರ ಹೆಸರೇ ಗೊತ್ತಾಗುವುದಿಲ್ಲ, ಲೆನ್ಸ್‌ಫನ್ ಪಟ್ಟಿಯಲ್ಲೂ ಇಲ್ಲ. ನನ್ನಂಥವರು ಏನು ಮಾಡಬೇಕು?


ಬಾದಾಮಿ_ಕೆಂಪುಕಲ್ಲು | ಬುಧವಾರ, ರಾತ್ರಿ 10:00

ನೀವೇ ಅಳೆಯಬಹುದು. ಹ್ಯೂಗಿನ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅದು ಮುಖ್ಯವಾಗಿ ಹಲವು ಫೋಟೋ ಸೇರಿಸಿ ಒಂದೇ ಅಗಲ ಚಿತ್ರ, ಅಂದರೆ ಪನೋರಮಾ, ಜೋಡಿಸುವುದಕ್ಕೆ. 1998ರಲ್ಲಿ ಹೆಲ್ಮುಟ್ ಡೆರ್ಶ್ ಶುರುಮಾಡಿದ ಪನೋರಮಾ ಟೂಲ್ಸ್ ಅದರ ಬೇರು. ಲೆನ್ಸ್‌ನ ಡೊಂಕನ್ನು ಅದು ಎ, ಬಿ, ಸಿ ಎಂಬ ಮೂರು ಸಂಖ್ಯೆಗಳಲ್ಲಿ ಹೇಳುತ್ತದೆ.

ಉದ್ದನೆಯ ನೇರ ಗೆರೆಗಳಿರುವ ಕಟ್ಟಡದ ಫೋಟೋ ತೆಗೆಯಿರಿ. ಹೊಸ ಕಟ್ಟಡವೇ ಆಗಲಿ. ಹಳೆಯ ಗುಡಿ, ಕೋಟೆಗಳ ಗೆರೆಗಳನ್ನು ನಂಬಬೇಡಿ, ಕೈಯಿಂದ ಕಡೆದವು. ಗೆರೆ ಚಿತ್ರದ ಅಂಚಿಗೆ ಹತ್ತಿರ ಬರಬೇಕು. ನಡುಬಿಂದುವಿನ ಮೂಲಕ ಹಾಯುವ ಗೆರೆ ಎಂಥ ಲೆನ್ಸ್‌ನಲ್ಲೂ ಬಾಗುವುದಿಲ್ಲ, ಅದರಿಂದ ಏನೂ ತಿಳಿಯುವುದಿಲ್ಲ. ಹ್ಯೂಗಿನ್‌ನಲ್ಲಿ ಒಂದೇ ಚಿತ್ರವನ್ನು ಎಡಕ್ಕೂ ಬಲಕ್ಕೂ ತೆರೆದು, ಒಂದು ಗೆರೆಯ ಮೇಲೆ ಹತ್ತು ಹನ್ನೆರಡು ಬಿಂದು ಗುರುತಿಸಿ, "ಇವೆಲ್ಲ ಒಂದೇ ನೇರ ಗೆರೆ" ಎಂದು ಹೇಳಬೇಕು. ಇಂಥ ನಾಲ್ಕೈದು ಗೆರೆ ಸಾಕು. ಆಮೇಲೆ ಅದು ಲೆಕ್ಕ ಹಾಕುತ್ತದೆ. ಮೊದಲು ಬಿ ಒಂದನ್ನೇ ಲೆಕ್ಕ ಹಾಕಿಸಿ. ಸಾಮಾನ್ಯ ಉಬ್ಬಿಗೆ ಅದೇ ಸಾಕಾಗುತ್ತದೆ. ಗೆರೆ ಇನ್ನೂ ಮೀಸೆಯ ಹಾಗೆ ಅಂಕುಡೊಂಕಾಗಿ ಉಳಿದರೆ ಮಾತ್ರ ಎ ಮತ್ತು ಸಿ ಸೇರಿಸಿ. ಸುಮ್ನೆ ಮೂರನ್ನೂ ಒಟ್ಟಿಗೆ ಲೆಕ್ಕ ಹಾಕಿಸಿದರೆ ನೀವು ಬಿಂದು ಇಟ್ಟಾಗ ಆದ ತಪ್ಪಿಗೂ ಅದು ಸಂಖ್ಯೆ ಹೊಂದಿಸಿಕೊಡುತ್ತದೆ.

ಬಂದ ಸಂಖ್ಯೆಗಳನ್ನು ಲೆನ್ಸ್‌ಫನ್‌ಗೂ ಕೊಡಬಹುದು, ಅದಕ್ಕೆ ಈ ಎ, ಬಿ, ಸಿ ಅರ್ಥವಾಗುತ್ತದೆ. ನಿಮ್ಮದು ಜೂಮ್ ಅಲ್ಲ, ಹಾಗಾಗಿ ಒಂದು ಸಲ ಅಳೆದರೆ ಸಾಕು. ಜೂಮ್ ಆಗಿದ್ದರೆ ಬೇರೆ ಬೇರೆ ಜೂಮ್‌ಗೆ ಬೇರೆ ಬೇರೆ ಅಳೆಯಬೇಕಿತ್ತು. ಅಪ್ಪನ ಲೆನ್ಸ್ ಅಂದಿರಿ, ಮಾಡಿಬಿಡಿ. ಒಂದು ಸಂಜೆಯ ಕೆಲಸ.


ಸುಮ್ನೆ_ಓದುಗ | ಗುರುವಾರ, ಬೆಳಿಗ್ಗೆ 9:30

ಇಷ್ಟೆಲ್ಲ ಬೇಕಾ? ಜಿಂಪ್ ಎಂಬ ಫೋಟೋ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಲೆನ್ಸ್ ಡಿಸ್ಟಾರ್ಷನ್ ಫಿಲ್ಟರ್ ಇದೆ. ಕಣ್ಣಳತೆಯಲ್ಲಿ ಎಳೆದು ದಡಿ ನೇರ ಮಾಡಿದರೆ ಐದು ನಿಮಿಷದ ಕೆಲಸ. ಗಿರಾಕಿಗೆ ನೇರ ಕಂಡರೆ ಸಾಕಲ್ವಾ?


ಕುಣಿಮಗ್ಗ | ಗುರುವಾರ, ಬೆಳಿಗ್ಗೆ 11:00

ಒಂದು ಫೋಟೋಗೆ ಸಾಕು ಅಣ್ಣಾರೆ. ಆದರೆ ಕಣ್ಣಳತೆಯಲ್ಲಿ ದಡಿಯನ್ನು ನೇರ ಮಾಡಲು ಹೊರಟರೆ ಹಗ್ಗದ ಜೋಲನ್ನೂ ಲೆನ್ಸ್ ಲೆಕ್ಕದಲ್ಲೇ ಎಳೆಯುತ್ತೀರಿ. ಕೆಳಗಿನ ದಡಿ ನೇರವಾಗುವಷ್ಟು ಎಳೆದರೆ ಮೇಲಿನದು ಇನ್ನೂ ಬಾಗುತ್ತದೆ, ಟೋಪ್ ತೆನೆಯ ಸಾಲು ತಿರುಚುತ್ತದೆ. ನೇಯ್ದವರಿಗೆ ಅದು ತಕ್ಷಣ ಕಾಣುತ್ತದೆ. 60 ಸೀರೆಗೆ 60 ಬೇರೆ ಬೇರೆ ಕಣ್ಣಳತೆ ಆದರೆ ಒಂದೇ ಮಗ್ಗದ ಸೀರೆಗಳು ಒಂದರಂತೆ ಒಂದು ಕಾಣುವುದಿಲ್ಲ.


ಇಳಕಲ್_ಸೆರಗು | ಶನಿವಾರ, ರಾತ್ರಿ 8:50

22 ಸೀರೆ ಮುಗಿಯಿತು. 38 ಉಳಿದಿವೆ.

ಇವತ್ತು ಕಾಕಾನನ್ನು ಕಂಪ್ಯೂಟರ್ ಮುಂದೆ ಕೂರಿಸಿದೆ. ಗಿರಾಕಿ ಬೇಡ ಎಂದ ಅದೇ ಸೀರೆಯ ಹೊಸ ಫೋಟೋ ತೋರಿಸಿದೆ. ಅವರು ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಸ್ಟೀಲ್ ಪಟ್ಟಿ ತಂದು ಪರದೆಯ ಮೇಲೆ ದಡಿಗೆ ಹಚ್ಚಿ ನೋಡಿದರು. ಮೇಲೆ, ಕೆಳಗೆ, ಆಮೇಲೆ ಸೆರಗಿಗೂ ಮೈಗೂ ಕೊಂಡಿ ಹಾಕಿದ ಸಾಲಿಗೆ. ಪಟ್ಟಿಗೂ ದಡಿಗೂ ನಡುವೆ ಬೆಳಕು ಕಾಣಲಿಲ್ಲ.

ಆಮೇಲೆ ಕೊಂಡಿ ಸಾಲಿನ ಹತ್ತಿರ ಒಂದು ಜಾಗ ದೊಡ್ಡದು ಮಾಡಿ ತೋರಿಸು ಎಂದರು. ಅಲ್ಲಿ ಒಂದು ಹೊಕ್ಕು ಸ್ವಲ್ಪ ಸಡಿಲವಾಗಿ ಕೂತಿದೆ. ನನಗೆ ಇಲ್ಲಿಯವರೆಗೆ ಕಂಡೇ ಇರಲಿಲ್ಲ. ಅದನ್ನೂ ತಿದ್ದಿಬಿಡುತ್ತೇನೆ, ಎರಡು ನಿಮಿಷ ಎಂದೆ. ಕಾಕಾ ನನ್ನ ಕೈ ಹಿಡಿದರು. "ಬಾಗಿದ್ದು ಕ್ಯಾಮರಾದ್ದು, ತಿದ್ದಿದಿ, ಛಲೋ ಆತು. ಇದು ನನ್ನ ಕೈದು. ಇದನ್ನ ತಿದ್ದಬ್ಯಾಡ" ಎಂದರು.

ಹಾಗೇ ಬಿಟ್ಟಿದ್ದೇನೆ. ಸೀರೆಯ ವಿವರದಲ್ಲೂ ಬರೆದಿದ್ದೇನೆ, ಸೆರಗಿನ ಹತ್ತಿರ ಒಂದು ಎಳೆ ಸಡಿಲ ಇದೆ ಎಂದು. ನಾಳೆ ಬೆಳಿಗ್ಗೆ ಬಿಸಿಲು ಏರುವ ಮೊದಲು ಮತ್ತೆ ಶುರು. ಗೌಂಡಿಯವರು ತೂಗುಗುಂಡು ವಾಪಸ್ ಕೇಳಿದ್ದಾರೆ, ಅಷ್ಟರಲ್ಲಿ ನಾನೂ ಒಂದು ಕೊಂಡುಕೊಳ್ಳಬೇಕು.